ಊರೊಡೆಯ, ಹೊಲದೊಡೆಯ, ಕೋಡಿನೊಡೆಯ

ತಂತ್ರಾಂಶ ಬರೆಯುವವರ ಬಳಕೆಯಲ್ಲಿ ‘ಕೋಡ್ ಓನರ್’ ಎಂಬ ಮಾತೊಂದಿದೆ. ಕೋಡನ್ನು ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್ 2017ರಲ್ಲಿ ಇದಕ್ಕೆಂದೇ ‘ಕೋಡ್‌ಓನರ್ಸ್’ ಎಂಬ ಹೆಸರಿನ ಕಡತಕ್ಕೆ ಜಾಗ ಕೊಟ್ಟಿತು. ಅದರಲ್ಲಿ ಸಾಲಿಗೊಂದರಂತೆ ಎಡಕ್ಕೆ ಕಡತಗಳ ದಾರಿ, ಬಲಕ್ಕೆ ವ್ಯಕ್ತಿಯ ಅಥವಾ ತಂಡದ ಹೆಸರು. ಆ ದಾರಿಯಲ್ಲಿರುವ ಕಡತವನ್ನು ಬೇರೆ ಯಾರಾದರೂ ತಿದ್ದಲು ಹೊರಟರೆ, ಪರಿಶೀಲಿಸಿ ಎಂಬ ಕೋರಿಕೆ ತಾನಾಗಿಯೇ ಆ ಹೆಸರಿನವರಿಗೆ ಹೋಗುತ್ತದೆ. ಈ ‘ಓನರ್’ನನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು?

ಥಟ್ಟನೆ ನಾಲಿಗೆಗೆ ಬರುವುದು ‘ಮಾಲೀಕ’. ಅರಬ್ಬಿಯಿಂದ ಬಂದು ನಮ್ಮಲ್ಲಿ ಬೇರೂರಿದ ಪದ. ಮನೆ ಮಾಲೀಕ, ಅಂಗಡಿ ಮಾಲೀಕ ಎಂದರೆ ಆಸ್ತಿ ಅವರದೇ, ಮಾರುವ ಹಕ್ಕೂ ಅವರದೇ. ಕೋಡಿಗೆ ಇದು ಹೊಂದುವುದಿಲ್ಲ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರಿಯ ಭಾಗವಾಗಿ ಬರೆದದ್ದರ ಮೊದಲ ಹಕ್ಕುದಾರ ನೌಕರಿ ಕೊಟ್ಟವನು. ಕೋಡ್ ಓನರ್ ಎನಿಸಿಕೊಂಡ ಎಂಜಿನಿಯರ್ ಅದರ ಒಂದು ಸಾಲನ್ನೂ ಮಾರುವಂತಿಲ್ಲ. ‘ಯಜಮಾನ’ ಎನ್ನೋಣವೆಂದರೆ, ಸಂಸ್ಕೃತದಲ್ಲಿ ಅದು ತನಗಾಗಿ ಯಜ್ಞ ಮಾಡಿಸಿಕೊಳ್ಳುವವನು, ಅದರ ಖರ್ಚು ಹೊರುವವನು. ಕನ್ನಡಕ್ಕೆ ಬಂದು ಮನೆಯ ಹಿರಿಯನಾದ, ಗಂಡನಾದ, ಕೋಡಿನವರೆಗೆ ಬರಲಾರ.

ಉಳಿದದ್ದು ನಮ್ಮದೇ ಪದ, ‘ಒಡೆಯ’.

ಇದರ ಬೇರು ದ್ರಾವಿಡದ್ದು. ತಮಿಳಿನ ಕುಡೈ ನಮಗೆ ಕೊಡೆ, ಪುಗೈ ನಮಗೆ ಹೊಗೆ. ಅದೇ ದಾರಿಯಲ್ಲಿ ಅವರ ‘ಉಡೈಯವನ್’ ನಮ್ಮಲ್ಲಿ ‘ಒಡೆಯ’. ಉಡೈ ಎಂದರೆ ಹೊಂದಿರುವುದು, ತನ್ನದಾಗಿರುವುದು. ತಮಿಳರು ‘ನನ್ನ’ ಎನ್ನಲು ಇಂದಿಗೂ ‘ಎನ್ನುಡೈಯ’ ಎನ್ನುತ್ತಾರೆ. ಅಲ್ಲಿ ಈ ಬೇರು ಸವೆದು ವಿಭಕ್ತಿ ಪ್ರತ್ಯಯದಂತೆ ನಿಂತಿದೆ. ಕನ್ನಡದಲ್ಲಿ ಒಡತಿ, ಒಡೆತನ, ಒಡವೆ ಎಲ್ಲವೂ ಇದೇ ಬಳಗದವು. ಹಳಗನ್ನಡದಲ್ಲಿ ಒಡವೆ ಎಂದರೆ ತನಗೆ ಸೇರಿದ ಯಾವುದೇ ವಸ್ತು, ಸ್ವತ್ತು. ಇಂದು ಅದು ಪೆಟ್ಟಿಗೆಯಲ್ಲಿಟ್ಟ ಚಿನ್ನಕ್ಕಷ್ಟೇ ನಿಂತಿದೆ. ಒಡವೆ ಹೀಗೆ ಕಿರಿದಾಗುತ್ತಿದ್ದಾಗ ಒಡೆಯ ಹಿರಿದಾಗುತ್ತ ಹೋದ.

ಶಾಸನಗಳಲ್ಲಿ ‘ಊರೊಡೆಯ’ ಸಿಗುತ್ತಾನೆ. ಅವನು ಊರಿನ ಮುಖ್ಯಸ್ಥ. ಊರನ್ನು ಕ್ರಯಕ್ಕೆ ಕೊಂಡವನಲ್ಲ, ಊರಿನ ಪರವಾಗಿ ನಿಂತು ಉತ್ತರ ಹೇಳುವವನು. ಹನ್ನೆರಡನೆಯ ಶತಮಾನದ ವಚನಕಾರರು ಶಿವನನ್ನೂ, ಮನೆಗೆ ಬರುವ ಜಂಗಮರನ್ನೂ ಒಡೆಯರೆಂದು ಕರೆದರು. ವಿಜಯನಗರದ ಸಂಗಮ ವಂಶದ ಅರಸರು ಈ ಪದವನ್ನು ಹೆಸರಿನ ಜೊತೆ ಧರಿಸಿದರು. 1399ರಿಂದ ಲೆಕ್ಕ ಹಿಡಿಯುವ ಮೈಸೂರು ಅರಸುಮನೆತನಕ್ಕೆ ಅದೇ ಗುರುತಾಯಿತು. ಒಂದೇ ಪದ ಊರಿನ ಹಿರಿಯನಿಂದ ದೇವರವರೆಗೆ, ಗುರುವಿನಿಂದ ದೊರೆಯವರೆಗೆ ಏರಿತು. ಏರಿದಂತೆ ಅದರಲ್ಲಿ ಅಧಿಕಾರದ ಧ್ವನಿ ಗಟ್ಟಿಯಾಯಿತು, ಹೊಣೆಯ ಧ್ವನಿ ಅಡಗಿತು. ಆಳು ಮತ್ತು ಒಡೆಯ ಎಂದು ಜೋಡಿಯಾಗಿ ಹೇಳುವಾಗ ಇವತ್ತಿಗೂ ನಮಗೆ ಕೇಳಿಸುವುದು ಆ ಅಂತರವೇ.

ಆ ಪದವನ್ನು ಮತ್ತೆ ನೆಲಕ್ಕೆ ತಂದವರು ರೈತರು. ‘ಉಳುವವನೇ ಹೊಲದೊಡೆಯ’ ಎಂಬ ಎರಡು ಪದಗಳ ಘೋಷಣೆ ಒಡೆತನದ ಅಳತೆಗೋಲನ್ನೇ ಬದಲಿಸಿತು. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಹುಟ್ಟಿನಿಂದಲೋ ಬಿರುದಿನಿಂದಲೋ ಒಡೆಯನಾಗುವುದಲ್ಲ, ದುಡಿಮೆಯಿಂದ ಒಡೆಯನಾಗುವುದು ಎಂಬ ಅರ್ಥ ಆಗ ಪದಕ್ಕೆ ಸೇರಿತು.

ಕೋಡಿನ ಜಗತ್ತಿನಲ್ಲೂ ಇದೇ ಪ್ರಶ್ನೆ ಇದೆ: ಒಡೆಯ ಯಾರು, ಹೆಸರು ಬರೆಸಿಕೊಂಡವನೋ, ಉಳುತ್ತಿರುವವನೋ? ನಮ್ಮ ಪಹಣಿಯಲ್ಲಿ ಸ್ವಾಧೀನದಾರರಿಗೆ ಒಂದು ಕಾಲಂ, ಸಾಗುವಳಿ ಮಾಡುವವರಿಗೆ ಬೇರೊಂದು ಕಾಲಂ ಇರುವ ಹಾಗೆ, ಕೋಡಿಗೂ ಎರಡು ದಾಖಲೆಗಳಿವೆ. ‘ಕೋಡ್‌ಓನರ್ಸ್’ ಕಡತ ಮೊದಲ ಕಾಲಂ. ಎರಡನೆಯದನ್ನು ಇಡುವುದು ಕೋಡಿನ ಬದಲಾವಣೆಗಳ ಲೆಕ್ಕ ಇಡುವ ‘ಗಿಟ್’ ಎಂಬ ವ್ಯವಸ್ಥೆ. ಅದನ್ನು ನೋಡಲು ಕಮಾಂಡ್ ಲೈನಿನಲ್ಲಿ ‘ಗಿಟ್ ಬ್ಲೇಮ್’ ಎಂದು ಟೈಪಿಸಿ, ಮುಂದೆ ಕಡತದ ಹೆಸರು ಕೊಟ್ಟು ಎಂಟರ್ ಒತ್ತಬೇಕು. ಕಡತದ ಪ್ರತಿ ಸಾಲಿನ ಎಡಗಡೆಗೆ ಬದಲಾವಣೆಯ ಗುರುತು, ತಿದ್ದಿದವರ ಹೆಸರು, ತಾರೀಖು, ಗಂಟೆ, ಸಾಲಿನ ಸಂಖ್ಯೆ ಸಾಲುಗಟ್ಟಿ ನಿಲ್ಲುತ್ತವೆ. ಬ್ಲೇಮ್ ಎಂದರೆ ದೂರು. ಇದೇ ಕೆಲಸದ ಆಜ್ಞೆಗೆ ಸಬ್‌ವರ್ಷನ್ ಎಂಬ ಹಿಂದಿನ ವ್ಯವಸ್ಥೆಯಲ್ಲಿ ‘ಪ್ರೇಯ್ಸ್’, ಅಂದರೆ ಹೊಗಳಿಕೆ, ಎಂಬ ಇನ್ನೊಂದು ಹೆಸರೂ ಇದೆ. ಒಡೆಯನಾದವನಿಗೆ ಎರಡೂ ಸಲ್ಲುತ್ತವೆ.

ಆದರೆ ಬ್ಲೇಮ್ ತೋರಿಸುವುದು ಆ ಸಾಲನ್ನು ಕೊನೆಗೆ ಮುಟ್ಟಿದವರನ್ನು ಮಾತ್ರ. ಇಡೀ ಕಡತದ ಅಂಚನ್ನು ಯಾರೋ ಒಂದು ದಿನ ಸರಿಪಡಿಸಿದರೆ ಸಾಲುಗಳೆಲ್ಲ ಅವರ ಹೆಸರಿಗೆ ಹೋಗುತ್ತವೆ. ಬದುವಿನ ಹುಲ್ಲು ಕೊಯ್ದವನು ಹೊಲದೊಡೆಯನಾದ ಹಾಗೆ. ಅದಕ್ಕಾಗಿಯೇ 2019ರಲ್ಲಿ ಬಂದ ಗಿಟ್ 2.23ರಲ್ಲಿ, ಅಂಥ ಬದಲಾವಣೆಗಳನ್ನು ಹೆಸರಿಸಿ ಲೆಕ್ಕದಿಂದ ಬಿಡುವ ಅವಕಾಶ ಕೊಟ್ಟರು.

ಒಡೆಯರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ಮೈಕ್ರೋಸಾಫ್ಟ್ ಸಂಶೋಧಕರು ವಿಂಡೋಸ್ ವಿಸ್ಟಾ ಮತ್ತು ವಿಂಡೋಸ್ 7 ಕೋಡನ್ನು ಪರಿಶೀಲಿಸಿ 2011ರಲ್ಲಿ ಪ್ರಬಂಧ ಪ್ರಕಟಿಸಿದರು. ಒಂದು ಭಾಗದ ಕೆಲಸದಲ್ಲಿ ಶೇ 5ಕ್ಕಿಂತ ಕಡಿಮೆ ಪಾಲಿರುವವರು ಹೆಚ್ಚಿದಂತೆ ಅಲ್ಲಿ ದೋಷಗಳೂ ಹೆಚ್ಚಿದ್ದವು. ಬಂದುಹೋಗುವ ಕೈಗಳು ಹಲವಿದ್ದು, ನಿಂತು ನೋಡಿಕೊಳ್ಳುವ ಕೈ ಇಲ್ಲದಿದ್ದರೆ ಹೊಲವೂ ಹಾಳು, ಕೋಡೂ ಹಾಳು.

ಲಿನಕ್ಸ್ ಕರ್ನಲ್ ಬರೆಯುವವರು ‘ಓನರ್’ ಎನ್ನದೆ ‘ಮೇಂಟೇನರ್’ ಎನ್ನುತ್ತಾರೆ, ನೋಡಿಕೊಳ್ಳುವವರು ಎಂದು. ಅಲ್ಲಿ ‘ಗೆಟ್ ಮೇಂಟೇನರ್’ ಎಂಬ ಸ್ಕ್ರಿಪ್ಟಿಗೆ ಕಡತದ ಹೆಸರು ಕೊಟ್ಟರೆ, ಅದರ ಬಗ್ಗೆ ಯಾರಿಗೆ ಬರೆಯಬೇಕೆಂದು ಹೇಳುತ್ತದೆ. ಯಾರೂ ನೋಡಿಕೊಳ್ಳದ ಭಾಗದ ಮುಂದೆ ‘ಆರ್ಫನ್’ ಎಂದು ಬರೆದಿರುತ್ತದೆ. ಕನ್ನಡದಲ್ಲಿ ‘ಅನಾಥ’. ನಾಥ ಎಂದರೆ ಒಡೆಯ, ಕಾಯುವವನೂ ಹೌದು; ಅನಾಥ ಎಂದರೆ ಅಕ್ಷರಶಃ ಒಡೆಯನಿಲ್ಲದ್ದು. ನಾಥ ಇಲ್ಲವೆಂದಾಗ ನಾವು ಮರುಗುವುದು ಆಳುವವನಿಲ್ಲವೆಂದಲ್ಲ, ಕಾಯುವವನಿಲ್ಲವೆಂದು.

ಇಂಗ್ಲಿಷಿನ ಒಳಗೂ ಇದೇ ತಿಳಿವಳಿಕೆ ಹುದುಗಿದೆ. ಹೊಂದಿರು ಎನ್ನುವ ‘ಓನ್’, ಸಾಲ ತೀರಿಸಬೇಕಿದೆ ಎನ್ನುವ ‘ಓ’, ಮಾಡಲೇಬೇಕು ಎನ್ನುವ ‘ಆಟ್’ ಮೂರೂ ಹಳೆಯ ಇಂಗ್ಲಿಷಿನ ಒಂದೇ ಬೇರಿನಿಂದ ಚಿಗುರಿದವು. ತನ್ನದು ಎಂದವನು ಅದಕ್ಕೆ ಸಾಲಗಾರನೂ ಹೌದು.

ಆದ್ದರಿಂದ ನನ್ನ ಮತ ಇಷ್ಟು: ಕೋಡ್ ಓನರ್‌ಗೆ ‘ಮಾಲೀಕ’ ಬೇಡ, ‘ಒಡೆಯ’ ಇರಲಿ, ಹೆಣ್ಣಾದರೆ ‘ಒಡತಿ’. ಊರೊಡೆಯನ ಹೊಣೆ, ಹೊಲದೊಡೆಯನ ಬೆವರು ಎರಡನ್ನೂ ಕಂಡ ಪದ ಅದು. ಕನ್ನಡದಲ್ಲಿ ತಂತ್ರಾಂಶದ ಬಗ್ಗೆ ಬರೆಯುವವರು ಅದನ್ನು ಧೈರ್ಯವಾಗಿ ಬಳಸಲಿ. ನಿಮ್ಮ ತಂಡದಲ್ಲಿ ಅನಾಥವಾಗಿ ಬಿದ್ದ ಕಡತವೊಂದು ಕಣ್ಣಿಗೆ ಬಿದ್ದರೆ, ಅದರ ಮುಂದೆ ನಿಮ್ಮ ಹೆಸರು ಬರೆಯಿರಿ.