ಕುಡಿತ ಬಿಡಿಸುವ ಫೋನ್ ಕರೆ: 1935ರಿಂದ 14416ರವರೆಗೆ

ಕುಡಿತ ಬಿಡಬೇಕು ಅಂತ ಮನಸ್ಸು ಮಾಡಿದವರಿಗೆ ಹಳ್ಳಿಯಲ್ಲಿ ಎರಡು ಅಡ್ಡಿ. ಒಂದು ದೂರ. ಜಿಲ್ಲಾ ಆಸ್ಪತ್ರೆಗೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು. ಇನ್ನೊಂದು ಮರ್ಯಾದೆ. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ "ಎಲ್ಲಿಗೆ ಹೊರಟ್ರಿ?" ಅಂದರೆ ಏನು ಹೇಳುವುದು?

ಈಗ ಮೊಬೈಲಿನಲ್ಲೇ ನೆರವು ಸಿಗುತ್ತದೆ. ಇದು ಹೊಸ ಕಾಲದ ಸಂಗತಿ ಅನ್ನಿಸಬಹುದು. ಆದರೆ ಫೋನಿಗೂ ಕುಡಿತ ಬಿಡುವುದಕ್ಕೂ ಇರುವ ನಂಟು ಸುಮಾರು 90 ವರ್ಷ ಹಳೆಯದು.

1935ರ ಮೇ ತಿಂಗಳು. ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಪಟ್ಟಣ. ನ್ಯೂಯಾರ್ಕಿನಲ್ಲಿ ಷೇರು ವ್ಯವಹಾರ ಮಾಡುತ್ತಿದ್ದ ಬಿಲ್ ವಿಲ್ಸನ್, ಬಂದ ಕೆಲಸ ಕೈಗೂಡದೆ ಹೋಟೆಲಿನಲ್ಲಿ ಒಬ್ಬರೇ ಉಳಿದಿದ್ದರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಅದೇ ಹೋಟೆಲಿನಲ್ಲಿ ಬಾರ್ ಇತ್ತು. ಅವರು ಬಾರಿಗೆ ಹೋಗದೆ ಫೋನ್ ಹಿಡಿದರು. ಊರಿನ ಪಾದ್ರಿಗಳಿಗೆ ಕರೆ ಮಾಡಿ, ತಮ್ಮಂತೆ ಕುಡಿತಕ್ಕೆ ಸಿಕ್ಕಿಬಿದ್ದ ಒಬ್ಬರನ್ನು ಹುಡುಕಿಕೊಡಿ ಎಂದು ಕೇಳಿದರು. ಹೀಗೆ ಸಿಕ್ಕವರು ಅದೇ ಊರಿನ ವೈದ್ಯ ಡಾ. ಬಾಬ್ ಸ್ಮಿತ್. ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು. ಆ ಮಾತಿನಿಂದ ಹುಟ್ಟಿದ್ದೇ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ. ಅಲ್ಲಿ ಪೂರ್ತಿ ಹೆಸರು ಹೇಳಬೇಕಿಲ್ಲ, ಶುಲ್ಕವೂ ಇಲ್ಲ.

ಸಭೆಯೇ ಇಲ್ಲದ ಕಡೆ ಇದ್ದವರ ಕಥೆ? ಹಡಗಿನ ಕೆಲಸಗಾರರು, ಒಂಟಿ ಊರುಗಳ ಜನ 1940ರ ದಶಕದಿಂದಲೇ ಕಾಗದ ಬರೆದುಕೊಂಡು ಒಬ್ಬರಿಗೊಬ್ಬರು ಧೈರ್ಯ ಹೇಳಿದರು. ಕಂಪ್ಯೂಟರ್ ಬಂದ ಮೇಲೆ ಆ ಕಾಗದಗಳೇ ಆನ್‌ಲೈನ್ ಸಭೆಗಳಾದವು.

ನಮ್ಮ ರಾಜ್ಯದ ದಾರಿ ಬೇರೆ. 1980ರ ದಶಕದಲ್ಲಿ ನಿಮ್ಹಾನ್ಸ್ ವೈದ್ಯರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಮನೋರೋಗದ ಚಿಕಿತ್ಸೆಗೆ ಬೆಂಗಳೂರಿಗೆ ಬರುವುದೇಕೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗಲಿ ಎಂಬುದು ಅದರ ಉದ್ದೇಶ. 1996ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಇನ್ನೊಂದು ಕಡೆ, ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಊರೂರಿನಲ್ಲಿ ನಡೆದವು. ಶಿಬಿರ ಮುಗಿದ ಮೇಲೂ ಬಿಟ್ಟವರು ಸೇರಲೆಂದು ನವಜೀವನ ಸಮಿತಿಗಳಾದವು.

ಅಂಗಡಿ ಮುಚ್ಚಿಸುವ ಹೋರಾಟವೂ ನಡೆಯಿತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಸಾರಾಯಿ ಹೋದ ಜಾಗಕ್ಕೆ ಅಗ್ಗದ ಬ್ರಾಂಡಿ, ವಿಸ್ಕಿ ಪ್ಯಾಕೆಟ್ ಬಂತು. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದರು.

ಅಂಗಡಿ ಮುಚ್ಚಿದರಷ್ಟೇ ಸಾಲದು ಎಂದು ತೋರಿಸಿದ್ದು 2020ರ ಲಾಕ್‌ಡೌನ್. ಮಾರ್ಚ್ ಕೊನೆಯಿಂದ ಮೇ 4ರವರೆಗೆ ಮದ್ಯದಂಗಡಿ ಬಂದ್. ದಿನಾ ಕುಡಿಯುತ್ತಿದ್ದವರಿಗೆ ಕೈಕಾಲು ನಡುಗಿತು, ನಿದ್ದೆ ಹೋಯಿತು. ಆತ್ಮಹತ್ಯೆಯ ಸುದ್ದಿಗಳೂ ಬಂದವು. ಆಸ್ಪತ್ರೆಗೆ ಹೋಗಲು ಬಸ್ಸಿಲ್ಲ. ಫೋನಿನಲ್ಲಿ ವೈದ್ಯರ ಸಲಹೆ ಪಡೆಯುವುದಕ್ಕೆ ಕೇಂದ್ರ ಸರ್ಕಾರದ ಸ್ಪಷ್ಟ ನಿಯಮ ಬಂದದ್ದೂ ಅದೇ ಮಾರ್ಚ್‌ನಲ್ಲಿ. ಎಎ ಸಭೆಗಳು ಕೂಡ ಮೊಬೈಲಿಗೆ ಬಂದವು.

2022ರ ಅಕ್ಟೋಬರ್ 10ರಂದು ಟೆಲಿಮಾನಸ್ ಶುರುವಾಯಿತು. ನಂಬರ್ 14416. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಾದಕ ವಸ್ತುಗಳ ಚಟಕ್ಕೆ 14446 ಇದೆ. ಕುಡಿಯುವವರೇ ಕರೆ ಮಾಡಬೇಕೆಂದಿಲ್ಲ, ಹೆಂಡತಿ, ಅಣ್ಣ, ಮಗಳು ಯಾರು ಬೇಕಾದರೂ ಕೇಳಬಹುದು.

ಇಷ್ಟು ವರ್ಷಗಳ ಕಥೆ ಒಂದು ಮಾತು ಹೇಳುತ್ತದೆ. ಬಿಡುವವರಿಗೆ ಇಬ್ಬರು ಬೇಕು: ಊರಿಗೆ ಗೊತ್ತಾಗದಂತೆ ಕೇಳಿಸಿಕೊಳ್ಳುವ ದೂರದವರು ಒಬ್ಬರು, ರಾತ್ರಿ ಪಕ್ಕದಲ್ಲಿ ಕೂರುವ ಹತ್ತಿರದವರು ಒಬ್ಬರು. ಫೋನ್ ಮೊದಲನೆಯವರನ್ನು ಕೊಡುತ್ತದೆ. ಎರಡನೆಯವರನ್ನು ಮನೆಯೋ ಊರೋ ಕೊಡಬೇಕು.

ಅದಕ್ಕೇ ಎರಡು ಎಚ್ಚರಿಕೆ. ವರ್ಷಗಟ್ಟಲೆ ಜೋರಾಗಿ ಕುಡಿದವರು ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು. ಫಿಟ್ಸ್ ಬಂದರೆ, ಇಲ್ಲದ್ದು ಕಂಡಂತೆ ಮಾತಾಡಿದರೆ ಅದು ದೆವ್ವವಲ್ಲ, ಜೀವಕ್ಕೆ ಅಪಾಯ. ಕೂಡಲೇ 108ಕ್ಕೆ ಕರೆ ಮಾಡಿ. ಇನ್ನೊಂದು, "ಊಟದಲ್ಲಿ ಗುಟ್ಟಾಗಿ ಬೆರೆಸಿ, ಕುಡಿತ ಬಿಡುತ್ತಾರೆ" ಎಂದು ವಾಟ್ಸಾಪಿನಲ್ಲಿ ಬರುವ ಪುಡಿ, ಹನಿಗಳನ್ನು ನಂಬಬೇಡಿ. ಕೆಲವು ಔಷಧಿಗಳ ಮೇಲೆ ಮದ್ಯ ಬಿದ್ದರೆ ಪ್ರಾಣಕ್ಕೇ ಕುತ್ತು.

14416 ಅನ್ನು ಇವತ್ತೇ ಮೊಬೈಲಿನಲ್ಲಿ ಸೇವ್ ಮಾಡಿಕೊಳ್ಳಿ. ನಿಮಗೆ ಬೇಡದಿದ್ದರೂ ಪಕ್ಕದ ಮನೆಗೆ ಬೇಕಾಗಬಹುದು.