ಮೀನಿನ ಮೈಲೋಳೆ

ಭಾನುವಾರ ಮಾರ್ಕೆಟ್ಟಿನಿಂದ ತಂದ ಮೀನನ್ನು ಉಪ್ಪು, ಹುಣಿಸೆಹಣ್ಣು ಹಾಕಿ ಉಜ್ಜುವಾಗ ನಮ್ಮ ಮನೆಯಾಕೆ, "ಎಷ್ಟು ತೊಳೆದರೂ ಈ ಲೋಳೆ ಹೋಗುವುದಿಲ್ಲವಲ್ಲ!" ಎಂದು ಗೊಣಗುವುದುಂಟು. ಆ ಲೋಳೆಗೂ ಒಂದು ಚರಿತ್ರೆಯಿದೆ. ಬಿ.ಎಸ್‌ಸಿ. ಓದಿದ ಋಣಕ್ಕಾಗಿ ಅದನ್ನಿಷ್ಟು ಹೇಳುತ್ತೇವೆ.

1921ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿದ್ದ ಅಲೆಕ್ಸಾಂಡರ್ ಫ್ಲೆಮಿಂಗರು ನೆಗಡಿಯಾದಾಗ ತಮ್ಮ ಸಿಂಬಳವನ್ನೇ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಮೇಲಿಟ್ಟರು. ಸುತ್ತಲಿನ ಬ್ಯಾಕ್ಟೀರಿಯಾ ಕರಗಿಹೋದವು! ಹಾಗೆ ಕರಗಿಸಿದ ವಸ್ತುವನ್ನು ಮರುವರ್ಷ ಲೈಸೋಜೈಮ್ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಕಣ್ಣೀರಿನಲ್ಲೂ ಅದಿದೆಯೇ ಎಂದು ನೋಡಲು ಜೊತೆಗಾರರ ಕಣ್ಣಿಗೆ ನಿಂಬೆರಸ ಹಿಂಡಿಸಿದರಂತೆ. 1928ರಲ್ಲಿ ಅವರಿಗೇ ಪೆನಿಸಿಲಿನ್ ಸಿಕ್ಕಿತು. ಅದರ ಕೀರ್ತಿಯ ಮುಂದೆ ಲೈಸೋಜೈಮ್ ಮೂಲೆಗೆ ಸೇರಿತು. ಅದು ಮೀನಿನ ಲೋಳೆಯಲ್ಲೂ ಇದೆಯೆಂಬುದು ಆಮೇಲೆ ತಿಳಿಯಿತು.

ಮುಂದಿನ ಹೆಜ್ಜೆಗೆ ಕಾರಣವಾದದ್ದು ಕಪ್ಪೆ. ಅಮೆರಿಕದ ಮೈಕೇಲ್ ಜಾಸ್ಲೋಫರು ಪ್ರಯೋಗಕ್ಕಾಗಿ ಆಫ್ರಿಕದ ಕಪ್ಪೆಗಳ ಹೊಟ್ಟೆ ಕುಯ್ದು, ಹೊಲಿದು, ಮತ್ತೆ ಕೊಳಕು ನೀರಿನ ತೊಟ್ಟಿಗೇ ಬಿಡುತ್ತಿದ್ದರು. ಗಾಯ ಕೀವಾಗದೆ ಮಾಯುತ್ತಿತ್ತು. ನೋಡಿದವರು ಹಲವರಿದ್ದಾರು, ಏಕೆಂದು ಕೇಳಿದವರು ಇವರು. 1987ರಲ್ಲಿ ಕಪ್ಪೆಯ ಚರ್ಮದಿಂದ ಮಗೈನಿನ್ ಎಂಬ ಪುಟ್ಟ ಪ್ರೋಟೀನ್ ತುಂಡನ್ನು ಬೇರ್ಪಡಿಸಿದರು. ಹೀಬ್ರೂ ಭಾಷೆಯಲ್ಲಿ 'ಮಗೇನ್' ಎಂದರೆ ಗುರಾಣಿ.

ಹತ್ತು ವರ್ಷಗಳ ಬಳಿಕ, 1997ರಲ್ಲಿ, ಕೋಲ್, ವೈಸ್ ಮತ್ತು ಡೈಮಂಡ್ ಎಂಬವರು ಅಮೆರಿಕದ ಅಟ್ಲಾಂಟಿಕ್ ತೀರದ ವಿಂಟರ್ ಫ್ಲೌಂಡರ್ ಮೀನಿನ ಲೋಳೆಯಲ್ಲಿ ಇಂಥದೇ ಗುರಾಣಿಯನ್ನು ಕಂಡರು. ನಮ್ಮ ಮಂಗಳೂರಿನವರು ನಂಗ್ ಎನ್ನುವ ಚಪ್ಪಟೆ ಮೀನಿಗೆ ಅದು ದೂರದ ನೆಂಟ. ಈ ಪ್ಲೂರೋಸಿಡಿನ್ನಿನಲ್ಲಿರುವುದು ಬರೇ 25 ಅಮೈನೊ ಆಮ್ಲಗಳು. ಇದಕ್ಕೆ ಧನ ವಿದ್ಯುದಂಶ, ಬ್ಯಾಕ್ಟೀರಿಯಾದ ಹೊರಪೊರೆಗೆ ಋಣ. ಹೀಗಾಗಿ ಹೋಗಿ ಅಂಟಿಕೊಂಡು ಪೊರೆಯನ್ನೇ ಕೆಡಿಸುತ್ತದೆ. ಹಗಲಿರುಳು ರೋಗಾಣುಗಳ ನೀರಿನಲ್ಲೇ ಬಾಳುವ ಮೀನಿಗೆ ಇದು ಬೇಡವೇ?

ಔಷಧಿಯ ಮಾತು ಬೇರೆ. ಮಗೈನಿನ್ನಿನ ಮಾದರಿಯಲ್ಲಿ ಮಾಡಿದ ಪೆಕ್ಸಿಗನನ್ ಮುಲಾಮು ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆಂದು ಹೊರಟಿತು. 1999ರಲ್ಲಿ ಅಮೆರಿಕ ಸರ್ಕಾರ ಅನುಮತಿ ಕೊಡಲಿಲ್ಲ. 2016ರ ಪರೀಕ್ಷೆಗಳಲ್ಲೂ ಅದು ಸೋತಿತು. ಅದೇ ಹುಣ್ಣಿನಿಂದ ನಮ್ಮ ತೀರ್ಥರೂಪರು ಎರಡು ಕಾಲ್ಬೆರಳು ಕಳೆದುಕೊಂಡಿದ್ದರು. ಸುದ್ದಿ ಓದಿದ ದಿನ ನಮಗೆ ಆಫೀಸಿನ ಫೈಲು ತೆರೆಯಲು ಮನಸ್ಸಾಗಲಿಲ್ಲ.

ಪ್ಲೂರೋಸಿಡಿನ್ನಿನ ಗುಣ ಕಂಡದ್ದು ಮೀನುಗಳಲ್ಲೇ. 2000ದಲ್ಲಿ ಅದರ ಒಂದು ರೂಪವನ್ನು ಪುಟ್ಟ ಪಂಪಿನ ಮೂಲಕ ಸಾಲ್ಮನ್ ಮರಿಗಳ ಮೈಗೆ ಸೇರಿಸಿದಾಗ, ವಿಬ್ರಿಯೊ ರೋಗದಿಂದ ಸಾಯುವ ಮರಿಗಳು ಕಡಿಮೆಯಾದವು.