ಹೊಗೆಯ ಬಣ್ಣದಿಂದ ಡೀಸೆಲ್ ಎಂಜಿನ್‌ನ ದೋಷ ಪತ್ತೆ

ಟ್ರ್ಯಾಕ್ಟರ್ ಅಥವಾ ಲಾರಿಯ ಎಂಜಿನ್ ಬಿಚ್ಚಿಸುವ ಮೊದಲು ಹೊಗೆಯ ಬಣ್ಣವನ್ನು ಗಮನಿಸಿರಿ.

ಕಪ್ಪು ಹೊಗೆ: ಡೀಸೆಲ್ ಪೂರ್ಣವಾಗಿ ಉರಿಯುತ್ತಿಲ್ಲ. ಹೊರೆ ತಗ್ಗಿಸಿ, ಏರ್ ಫಿಲ್ಟರ್ ಸ್ವಚ್ಛಗೊಳಿಸಿರಿ. ಆದರೂ ನಿಲ್ಲದಿದ್ದರೆ ಇಂಜೆಕ್ಟರ್‌ಗಳನ್ನು ಪರೀಕ್ಷೆ ಮಾಡಿಸಬೇಕು.

ನೀಲಿ ಹೊಗೆ: ಎಂಜಿನ್ ಆಯಿಲ್ ಉರಿಯುತ್ತಿದೆ. ಪಿಸ್ಟನ್ ರಿಂಗ್ ಅಥವಾ ಲೈನರ್ ಸವೆದಿರಬಹುದು. ಆಯಿಲ್ ಮಟ್ಟವನ್ನು ಪ್ರತಿದಿನ ನೋಡಿರಿ.

ಬಿಳಿ ಹೊಗೆ: ಚಳಿಯ ಮುಂಜಾನೆ ಸ್ವಲ್ಪ ಹೊತ್ತು ಕಂಡು ನಿಂತರೆ ದೋಷವಲ್ಲ. ಎಂಜಿನ್ ಕಾದ ನಂತರವೂ ಬರುತ್ತಿದ್ದು, ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹಾಳಾಗಿರುವ ಸಂಭವವಿದೆ. ಕೂಡಲೇ ಎಂಜಿನ್ ನಿಲ್ಲಿಸಿರಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆಯಬಾರದು, ಕುದಿನೀರು ಚಿಮ್ಮುತ್ತದೆ. ಪದೇ ಪದೇ ನೀರು ತುಂಬಿಸಿ ಓಡಿಸಿದರೆ ಎಂಜಿನ್ ಸೀಜ್ ಆಗಿ, ಗ್ಯಾಸ್ಕೆಟ್ ಬದಲಿಸಿ ಮುಗಿಯಬೇಕಾದ ಕೆಲಸ ಇಡೀ ಎಂಜಿನ್‌ನ ದುರಸ್ತಿಗೆ ಬೆಳೆಯುತ್ತದೆ.